ಗೆಡ್ಡೆ ಮಲಗುವ ಕಾಲ

ಬೀಗದ ಕೈ ಬಾಗಿಲಿಗೆ ತಾಗಿಸುವಷ್ಟರಲ್ಲಿ ಒಳಗಿನಿಂದ ಗಂಡಸಿನ ದನಿ ಕೇಳಿಸಿತು. ಅವಳು ಕೈಯನ್ನು ಹಾಗೇ ಹಿಡಿದು ನಿಂತಳು. ಯಾರೋ ನುಗ್ಗಿದ್ದಾರೆ ಎಂದು ಮೊದಲು ಅನ್ನಿಸಿತು. ಆಮೇಲೆ ರೇಡಿಯೋ ಇರಬೇಕು ಅಂದುಕೊಂಡಳು. ಆದರೆ ರೇಡಿಯೋದಲ್ಲಿ ಯಾರೂ ಇಷ್ಟು ನಿಧಾನ ಮಾತಾಡುವುದಿಲ್ಲ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಒಬ್ಬರು ಎದ್ದು ಹೋಗಿ ನೀರು ಕುಡಿದು ಬರುವಷ್ಟು ಹೊತ್ತು ಬಿಡುವುದಿಲ್ಲ. ‘ಕಣ್ಣು... ಮೇಲಕ್ಕೆ... ಬರ್ಬೇಕು’ ಎಂದಿತು ದನಿ. ‘ಮೇಲೆ... ಒಂದ್ ಬೆರಳು... ಮಣ್ಣು. ಸಾಕು.’ ಲಕ್ವ ಹೊಡೆದ ಮೇಲೆ ಬಾಯಲ್ಲಿ ಒಂದು ಪೂರ್ತಿ ಮಾತು ಬಾರದ ಗಂಡ, ‘ಪಾಪ, ಅವರಿಗೆ ಮಾತು ಹೋಗಿಬಿಡ್ತು’ ಎಂದು ಅವಳೇ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದ ಗಂಡ, ಬಾಗಿಲ ಆಚೆ ಕೂತು ಮಾತಾಡುತ್ತಿದ್ದ. ಯಾವ ಕಣ್ಣು, ಯಾವ ಮಣ್ಣು ಎಂದು ಅವಳ ತಲೆಗೆ ಹೋಗಲಿಲ್ಲ.

‘ಅ... ಅಣ್ಣಾ, ನೀ... ನೀನು ಹೇಳಿ ಮುಗಿಸೋ ಹೊತ್ತಿಗೆ ಗಿ... ಗಿಡ ಹೂ ಬಿಟ್ಟಿರತ್ತೆ’ ಎಂದಳು ನಾದಿನಿ. ಅವಳು ಹುಟ್ಟಾ ತೊದಲಿ. ಪಕ್ಕದ ಬೀದಿಯಲ್ಲಿ ಒಂದು ಕೋಣೆ ಮಾಡಿಕೊಂಡು ಬಟ್ಟೆ ಹೊಲಿಯುವವಳು, ಹಗಲಲ್ಲಿ ಅಣ್ಣನ ಹತ್ತಿರ ಬಂದು ಕೂತು ಗುಂಡಿ, ಕಾಜಾ, ಅಂಚು ಇಂಥ ಕೈಕೆಲಸ ಮಾಡಿಕೊಳ್ಳುತ್ತಾಳೆ. ಗಂಡ ನಕ್ಕ. ಆ ನಗೆಯನ್ನು ಕೇಳಿ ಎಷ್ಟು ಕಾಲವಾಗಿತ್ತು ಎಂದು ಅವಳು ಲೆಕ್ಕ ಹಾಕಹೋದರೆ ಲೆಕ್ಕ ಲಕ್ವದ ಹಿಂದಕ್ಕೂ ಹೋಗುತ್ತಿತ್ತು. ನಗು ನಿಂತ ಮೇಲೆ ಗಂಡ, ಇನ್ನೂ ಉಸಿರು ಸರಿ ಮಾಡಿಕೊಳ್ಳುತ್ತ, ‘ಅವಳು... ಬರೋ ಹೊತ್ತು’ ಎಂದ. ಮೇಷ್ಟ್ರು ಬರೋ ಹೊತ್ತಾಯಿತು ಎಂದು ಮಕ್ಕಳು ಹೇಳುತ್ತಾರಲ್ಲ, ಹಾಗೆ. ‘ಇ... ಇನ್ನೂ ಇದೆ ಬಿಡು’ ಎಂದಳು ನಾದಿನಿ.

ಅವಳು ಇವತ್ತು ಬೇಗ ಬಂದದ್ದೇ ಒಂದು ಅವಮಾನದ ಕಥೆ. ರೈಲು ನಿಲ್ದಾಣದ ಮಹಡಿಯ ಗಾಜಿನ ಕೋಣೆಯಲ್ಲಿ ಕೂತು, ಯಾವ ಗಾಡಿ ಎಲ್ಲಿಗೆ ಬರುತ್ತದೆ, ಯಾವುದು ತಡ, ಯಾವುದು ಹೊರಟಿತು ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಅಲ್ಪಪ್ರಾಣ ಮಹಾಪ್ರಾಣ ಒಂದೂ ಬಿಡದ, ನೀಟಾಗಿ ಇಸ್ತ್ರಿ ಮಾಡಿದ ದನಿ ಎಂದು ಹೆಸರು ಪಡೆದವಳು. ಹೋದ ವಾರ ಅವಳಿಂದಲೇ ಊರುಗಳ ಹೆಸರು, ಅಂಕಿಗಳು, ‘ಬರುತ್ತಿದೆ’, ‘ಹೊರಡಲಿದೆ’, ‘ವಿಷಾದಿಸುತ್ತೇವೆ’ ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿಸಿ ಯಂತ್ರಕ್ಕೆ ತುಂಬಿಕೊಂಡರು. ಇವತ್ತು ಯಂತ್ರ ತಾನೇ ಹೇಳತೊಡಗಿತು. ಅವಳು ಮೈಕಿನ ಮುಂದೆ ಸುಮ್ಮನೆ ಕೂತಿದ್ದನ್ನು ನೋಡಿ ಅಧಿಕಾರಿ, ‘ನೀವು ಮನೆಗೆ ಹೋಗಿ ಮೇಡಂ, ನಿಮ್ಮ ದನಿ ಕೆಲಸ ಮಾಡ್ತಾ ಇದೆ’ ಎಂದು ನಕ್ಕ. ಮೆಟ್ಟಿಲಿಳಿಯುವಾಗ ಅವಳ ದನಿಯೇ ಅವಳ ತಲೆಯ ಮೇಲಿಂದ ಯಾವುದೋ ಗಾಡಿ ತಡವಾದದ್ದಕ್ಕೆ ವಿಷಾದಿಸಿತು. ಇಷ್ಟು ವರ್ಷ ಅದರಲ್ಲಿ ಒಂದು ಚೂರೂ ವಿಷಾದ ಇರಲಿಲ್ಲವೆಂಬುದು ಅವಳಿಗೆ ಆಗ ಗೊತ್ತಾಯಿತು. ಮನೆಗೆ ಹೋಗಿ ಗಂಡನ ಮುಂದೆ ಎಲ್ಲ ಹೇಳಿಕೊಂಡು ಅತ್ತುಬಿಡಬೇಕು ಅಂದುಕೊಂಡು ದಾರಿಯುದ್ದಕ್ಕೂ ಬಿರಬಿರನೆ ನಡೆದಿದ್ದಳು. ತಿರುಗಿ ಮಾತಾಡಲಾರದವರ ಮುಂದೆ ಹೇಳಿಕೊಳ್ಳುವುದು ಸುಲಭ.

ಮೇಲಿನ ಮಹಡಿಯ ಮುದುಕಿ ತರಕಾರಿ ಚೀಲ ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ‘ಯಾಕಮ್ಮಾ, ಬೀಗದ ಕೈ ಮರೆತು ಬಂದ್ಯಾ?’ ಎಂದಳು. ಕೈಯಲ್ಲೇ ಬೀಗದ ಕೈ ಇತ್ತು. ‘ಹೂಂ’ ಎಂದುಬಿಟ್ಟಳು ಅವಳು. ‘ಒಳಗೆ ಯಜಮಾನ್ರು ಇದ್ದಾರಲ್ಲ, ಕೂಗು. ಈಗ ಚೆನ್ನಾಗೇ ಮಾತಾಡ್ತಾರಲ್ಲಮ್ಮಾ. ಮೊನ್ನೆ ಬಾಲ್ಕನೀಲಿ ನಿಂತು, ಬಟ್ಟೆ ಎತ್ಕೊಳ್ಳಿ, ಮಳೆ ಬರತ್ತೆ ಅಂದ್ರು. ನಿಧಾನಕ್ಕೆ ಅಂದ್ರು, ಆದ್ರೂ ಅಂದ್ರು. ಎಲ್ಲಾ ನಿನ್ನ ಪುಣ್ಯ. ಹೆಂಡತಿ ಅಂದ್ರೆ ಹೀಗಿರ್ಬೇಕು.’ ಮುದುಕಿ ಅವಳ ಬೆನ್ನು ತಟ್ಟಿ ಮೇಲೆ ಹೋದಳು. ಬೆನ್ನು ತಟ್ಟಿದ ಜಾಗ ಸುಟ್ಟ ಹಾಗೆ ಉರಿಯಿತು. ಮೇಲಿನ ಮನೆಯವಳ ಬಟ್ಟೆ ನೆನೆಯುತ್ತದೆ ಎಂದು ಹೇಳುವುದಕ್ಕೆ ಮಾತು ಇದೆ. ಊರಿಗೆಲ್ಲ ಇದೆ. ಬೆಳಗ್ಗೆ ಎದ್ದು ಮುಖ ತೊಳೆಸುವವಳಿಗೆ, ಅಂಗಿಯ ಗುಂಡಿ ಹಾಕುವವಳಿಗೆ, ಬಾಯಿಯ ಬಲಗಡೆ ಸೋರಿದ್ದನ್ನು ತನ್ನ ಸೆರಗಿನಲ್ಲೇ ಒರೆಸುವವಳಿಗೆ ಮಾತ್ರ ಇಲ್ಲ. ಅವಳಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ನಡುರಸ್ತೆಯಲ್ಲಿ ಯಾರೋ ಕೆನ್ನೆಗೆ ಹೊಡೆದು ಹೋದಾಗ ಹೊಡೆದವರು ಯಾರೆಂದು ಗೊತ್ತಾಗುವ ಮೊದಲಿನ ಆ ಒಂದು ಗಳಿಗೆಯಲ್ಲೇ ಅವಳು ಸಿಕ್ಕಿಹಾಕಿಕೊಂಡಿದ್ದಳು.

ಬಾಗಿಲು ತೆಗೆದಳು. ಒಳಗೆ ಮಾತು ನಿಂತಿತು. ಗಂಡ ಬಾಲ್ಕನಿಯ ಪಕ್ಕದ ಕುರ್ಚಿಯಲ್ಲಿದ್ದ. ಅವಳು ನೋಡುತ್ತಿದ್ದ ಹಾಗೇ ಅವನ ಮುಖ ದಿನದ ಮುಖವಾಯಿತು, ಅಂಗಡಿಯವನು ಕದ ಎಳೆದುಕೊಂಡ ಹಾಗೆ. ನಾದಿನಿ ಮಡಿಲಿನಲ್ಲಿದ್ದ ಅಂಗಿಯನ್ನು ಎತ್ತಿಕೊಂಡು ನಿಂತಳು. ‘ಅ... ಅತ್ತಿಗೆ, ಇ... ಇವತ್ತು...’

‘ಬೇಗ ಬಂದೆ. ಹೌದು. ಕೆಲಸ ಬೇಗ ಮುಗೀತು.’

‘ಕಾ... ಕಾ...’

‘ಕಾಫಿ ಬೇಡ. ನೀನು ಕೂತ್ಕೋ.’

ಇಬ್ಬರ ಮಾತನ್ನೂ ತಾನೇ ಆಡುವುದು ಅವಳಿಗೆ ಅಭ್ಯಾಸ. ಮದುವೆಯಾಗಿ ಬಂದ ಹೊಸತರಲ್ಲಿ ನಾದಿನಿ ಮಾತು ಹುಡುಕುತ್ತ ಕಣ್ಣು ಮುಚ್ಚಿ ಗಲ್ಲ ಅದುರಿಸುವುದನ್ನು ಅವಳಿಗೆ ನೋಡಲಾಗುತ್ತಿರಲಿಲ್ಲ. ಮುಳುಗುವವರಿಗೆ ಕೈ ಕೊಡುವ ಹಾಗೆ ಮಾತು ಕೊಟ್ಟುಬಿಡುತ್ತಿದ್ದಳು. ಕರುಣೆಯಿಂದಲೇ ಶುರುವಾದದ್ದು. ಆಮೇಲೆ ಗಂಡನನ್ನು ನಗಿಸಲೆಂದು, ‘ನಿಮ್ಮ ತಂಗಿ ಪ್ಯಾಸೆಂಜರ್ ಗಾಡಿ ಕಣ್ರೀ, ಎಲ್ಲಾ ಸ್ಟೇಷನ್ನಲ್ಲೂ ನಿಲ್ತಾಳೆ’ ಎನ್ನುತ್ತಿದ್ದಳು. ಗಂಡ ನಗುತ್ತಿರಲಿಲ್ಲ. ಕನ್ನಡಕದ ಗಾಜು ಉಜ್ಜುವ ಕೆಲಸದವನು, ದಿನವಿಡೀ ಗಾಜನ್ನು ಚಕ್ರಕ್ಕೆ ಹಿಡಿದು ಕೂರುವವನು, ಮೊದಲಿಂದಲೂ ಮಿತಭಾಷಿ. ಅಥವಾ ಹಾಗೆಂದು ಅವಳು ತಿಳಿದುಕೊಂಡಿದ್ದಳು. ಈಗ ಅವನ ಎದುರು ನಿಂತು, ನನಗೆ ಎಲ್ಲ ಕೇಳಿಸಿತು ಎಂದು ಹೇಳಲು ಬಾಯಿ ತೆಗೆದವಳು ಹೇಳಲಿಲ್ಲ. ಹೇಳಿದರೆ ಕದ್ದು ಕೇಳಿದವಳು ಅವಳೇ ಆಗುತ್ತಾಳೆ. ಮೂಲೆಯಲ್ಲಿದ್ದ ನೀರಿನ ಡಬ್ಬ ತೆಗೆದುಕೊಂಡು ನಲ್ಲಿಗೆ ಹಿಡಿದಳು. ಮನಸ್ಸು ಕೆಟ್ಟಾಗಲೆಲ್ಲ ಅವಳು ಗಿಡಕ್ಕೆ ನೀರು ಹಾಕುತ್ತಾಳೆ.

ಗಿಡಗಳು ಅವನವು. ಯಾರೋ ಗಿರಾಕಿ ಕೊಟ್ಟ ಒಂದು ಕ್ಯಾಲಾ ಲಿಲಿಯ ಗೆಡ್ಡೆಯನ್ನು ಕಾಗದದಲ್ಲಿ ಸುತ್ತಿ ತಂದು ಕುಂಡಕ್ಕಿಟ್ಟಿದ್ದ. ಅದು ಮರಿ ಹಾಕಿ, ಒಡೆದು, ಬಾಲ್ಕನಿಯ ಗೋಡೆಯುದ್ದಕ್ಕೂ ಕುಂಡಗಳ ಸಾಲಾಯಿತು. ಉದ್ದ ದಂಟಿನ ತುದಿಗೆ ಒಂದೇ ಒಂದು ಬಿಳಿ ಎಸಳು, ಪೊಟ್ಟಣ ಕಟ್ಟಲು ಕಾಗದ ಸುತ್ತಿದ ಹಾಗೆ ಸುತ್ತಿಕೊಂಡು ನಿಲ್ಲುತ್ತದೆ, ಒಳಗೆ ಹಳದಿ ಕಡ್ಡಿ. ‘ದಂಟು ಮುರಿದ್ರೆ ರಸ ಬಾಯಿಗೆ ತಾಗಿಸ್ಬೇಡ, ನಾಲಿಗೆ ಊದ್ಕೊಳ್ಳತ್ತೆ’ ಎಂದು ಹಿಂದೊಮ್ಮೆ ಹೇಳಿದ್ದ. ಅವಳು ಪೂರ್ತಿ ಕೇಳಿಸಿಕೊಂಡ ಅವನ ಮಾತುಗಳಲ್ಲಿ ಅದೊಂದು. ಅವನಿಗೆ ಲಕ್ವ ಹೊಡೆದ ಮೇಲೆ ಗಿಡದ ಆರೈಕೆಯನ್ನು ಅವಳೇ ವಹಿಸಿಕೊಂಡಳು. ಹೂ ಮುಗಿದು ಎಲೆ ಹಳದಿಯಾಗತೊಡಗಿದಾಗ ಹೆದರಿಹೋದಳು. ಅವನು ಕುರ್ಚಿಯಿಂದ ಎಡಗೈ ಎತ್ತಿ ಕುಂಡ ತೋರಿಸಿ, ಮುಖವೆಲ್ಲ ಕೆಂಪಾಗಿ, ‘ನೀ... ನೀರು...’ ಎಂದಿದ್ದ. ‘ನೀರು! ನೀರು ಹಾಕ್ಬೇಕಾ? ಹಾಕ್ತೀನಿ, ಹಾಕ್ತೀನಿ. ನೋಡಿ, ನೀರು ಅಂದ್ರಿ. ಇನ್ನೊಂದ್ಸಲ ಅನ್ನಿ, ನೀ-ರು.’ ಅವನು ಇನ್ನೊಂದು ಸಲ ಅನ್ನಲಿಲ್ಲ. ಅವಳು ಡಬ್ಬಗಟ್ಟಲೆ ನೀರು ಸುರಿದಳು. ಎಲೆ ಇನ್ನಷ್ಟು ಹಳದಿಯಾಗಿ ಮಗುಚಿಬಿದ್ದವು. ಅದಕ್ಕೆ ಮತ್ತಷ್ಟು ಸುರಿದಳು. ಕೊನೆಗೆ ಬರೀ ಮಣ್ಣು ಉಳಿಯಿತು. ಬೇರಿನಲ್ಲಿ ಜೀವ ಇರುತ್ತದೆ, ನಂಬಿಕೆ ಬಿಡಬಾರದು ಎಂದು ಅವಳು ಬಿಡದೆ ಹಾಕುತ್ತಲೇ ಬಂದಿದ್ದಳು. ಗಂಡನ ಮಾತಿನ ಬಗ್ಗೆಯೂ ಅವಳದು ಇದೇ ನಂಬಿಕೆ. ಆಸ್ಪತ್ರೆಯ ಮಾತಿನ ಡಾಕ್ಟರು ಚಿತ್ರಗಳನ್ನು ಒಂದೊಂದಾಗಿ ಹಿಡಿದು ‘ಇದೇನು ಹೇಳಿ’ ಎನ್ನುವಾಗ ಅವಳು ಅವನ ಪಕ್ಕದಲ್ಲಿ ಕೂತು ತಡೆಯಲಾರದೆ ‘ಬಾಚಣಿಗೆ’, ‘ಛತ್ರಿ’ ಎಂದುಬಿಡುತ್ತಿದ್ದಳು. ಆ ಹೆಂಗಸು ಒಮ್ಮೆ ಮೆತ್ತಗೆ ಹೇಳಿ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿ, ಕೊನೆಗೆ ‘ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ’ ಎಂದಳು. ಹೊರಗೆ ಎಲ್ಲ ರೋಗಿಗಳ ಮಧ್ಯೆ ಬೆಂಚಿನಲ್ಲಿ ಕೂತಾಗ ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು. ಮತ್ತೆ ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗಲಿಲ್ಲ. ದನಿಯ ಕಸುಬು ನನ್ನದು, ಮನೆಯಲ್ಲೇ ಹೇಳಿಕೊಡುತ್ತೇನೆ ಎಂದಳು.

ಮೊದಲ ಕುಂಡಕ್ಕೆ ನೀರು ಹಾಕಿದಳು. ಎರಡನೆಯದಕ್ಕೆ ಹಾಕುವಾಗ ಬಾಲ್ಕನಿಯ ಗಾಜಿನ ಬಾಗಿಲಿನಲ್ಲಿ ಒಳಗಿನವರು ಕಂಡರು. ನಾದಿನಿ ಹೊಲಿಯುತ್ತಿದ್ದ ಅಂಗಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಗಂಡನ ಭುಜ ಕುಲುಕುತ್ತಿತ್ತು. ಅವರು ನಗುತ್ತಿದ್ದರು. ಅವಳು ಗಿಡಕ್ಕೆ ನೀರು ಹಾಕುವುದನ್ನು ನೋಡಿ, ನಗಬಾರದು ಎಂದು ತಡೆದುಕೊಂಡು, ತಡೆಯಲಾರದೆ ನಗುತ್ತಿದ್ದರು. ಅವಳ ಕೈಯ ಡಬ್ಬ ನಿಂತಿತು. ಏನಿದೆ ನಗುವಂಥದ್ದು ಎಂದು ಕುಂಡವನ್ನು ನೋಡಿದಳು. ಮಣ್ಣು, ಮಣ್ಣಿನ ಮೇಲೆ ನಿಂತ ನೀರು, ಒಂದು ಗುಳ್ಳೆ. ಡಬ್ಬ ಕೆಳಗಿಟ್ಟು ಮಣ್ಣಿನೊಳಗೆ ಬೆರಳು ತೂರಿಸಿದಳು. ಬೆರಳು ಸಲೀಸಾಗಿ ಹೋಯಿತು. ಕೈಯಿಟ್ಟಳು. ತಳ ಸಿಕ್ಕಿತು. ಪಕ್ಕದ ಕುಂಡಕ್ಕೆ ಕೈ ಹಾಕಿದಳು, ಅದರ ಪಕ್ಕದ್ದಕ್ಕೆ ಹಾಕಿದಳು. ಕೊಳೆತ ಬೇರಿನ ಒಂದು ಎಳೆಯೂ ಇರಲಿಲ್ಲ. ಸತ್ತಿದ್ದರೆ ಸತ್ತದ್ದಾದರೂ ಸಿಗಬೇಕಾಗಿತ್ತು. ಯಾರೋ ಎಲ್ಲವನ್ನೂ ತೆಗೆದು, ಮಣ್ಣನ್ನು ಮತ್ತೆ ಚೊಕ್ಕವಾಗಿ ತಟ್ಟಿಟ್ಟಿದ್ದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅವಳು ಇಷ್ಟು ದಿನ, ಬೆಳಗ್ಗೆ ಒಂದು ಸಲ, ಕೆಲಸದಿಂದ ಬಂದು ಒಂದು ಸಲ, ಏನೂ ಇಲ್ಲದ ಕುಂಡಗಳಿಗೆ ನೀರು ಹಾಕಿದ್ದಳು. ಹಾಕುವಾಗ ಮೆಲ್ಲಗೆ ‘ಏಳು, ಏಳಪ್ಪ, ಸಾಕು ಮಲಗಿದ್ದು’ ಎಂದು ಮಾತಾಡಿಸಿಯೂ ಇದ್ದಳು. ಅದೂ ಅವರಿಗೆ ಕೇಳಿಸಿರುತ್ತದೆ.

ಮೊಣಕೈವರೆಗೆ ಕೆಸರು ಮಾಡಿಕೊಂಡು ಒಳಗೆ ಬಂದಳು. ಇಬ್ಬರೂ ಈಗ ನಗುತ್ತಿರಲಿಲ್ಲ. ‘ಎಲ್ಲಿ?’ ಎಂದಳು. ತನ್ನ ದನಿ ತನಗೇ ಗುರುತು ಸಿಗಲಿಲ್ಲ.

‘ಅತ್ತಿಗೆ, ನಾ... ನಾನು...’ ಎಂದಳು ನಾದಿನಿ.

‘ನೀನು ಕಿತ್ತೆ.’

‘ಅ... ಅಲ್ಲ, ಅ... ಅಣ್ಣ...’

‘ಅಣ್ಣನಿಗೆ ಗೊತ್ತಿಲ್ಲದ ಹಾಗೆ ಕಿತ್ತು ಎಸೆದೆ.’

‘ಎ... ಎಸೀಲಿಲ್ಲ, ಮ... ಮ...’

‘ಮಾರಿದ್ಯಾ?’

‘ಸಾಕು’ ಎಂದ ಗಂಡ.

ಒಂದೇ ಏಟಿಗೆ ಬಂದ ಮಾತು, ಮುರಿಯದೆ, ಸೋರದೆ. ಅವಳು ತಿರುಗಿ ನೋಡಿದಳು. ಅವನು ಎಡಗೈಯಿಂದ ಕುರ್ಚಿಯ ತೋಳು ಹಿಡಿದು ಅರ್ಧ ಎದ್ದಿದ್ದ. ‘ಅವಳು... ಹೇಳ್ಲಿ’ ಎಂದು ಮತ್ತೆ ಕೂತ. ಲಕ್ವದ ನಂತರ ಅವನು ಅವಳ ಮುಖ ನೋಡಿ ಆಡಿದ ಮೊದಲ ಪೂರ್ತಿ ಮಾತು ಅದು, ಮತ್ತು ಅದು ತಂಗಿಯ ಪರವಾಗಿತ್ತು. ಈ ಮೊದಲ ಮಾತಿಗಾಗಿ ಅವಳು ಎಷ್ಟು ಕಾದಿದ್ದಳು. ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿರುವಾಗ, ಹಿಂದಿನಿಂದ, ಹಿಂದೆಲ್ಲ ಕರೆಯುತ್ತಿದ್ದ ಹಾಗೆ ‘ಏ ಇವಳೇ’ ಎನ್ನುತ್ತಾನೆ, ತಾನು ಕೈಯಲ್ಲಿದ್ದ ಪಾತ್ರೆ ಬೀಳಿಸುತ್ತೇನೆ ಎಂದು ಪಾತ್ರೆಯನ್ನೂ ಸೇರಿಸಿಕೊಂಡು ಕಲ್ಪಿಸಿದ್ದಳು. ಈಗ ಬೀಳಿಸಲು ಕೈಯಲ್ಲಿ ಏನೂ ಇರಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

ನಾದಿನಿ ಹೇಳಿದಳು. ತನ್ನ ರೀತಿಯಲ್ಲಿ, ಎಲ್ಲ ನಿಲ್ದಾಣಗಳಲ್ಲೂ ನಿಂತು ಹೇಳಿದಳು. ಹೂ ಮುಗಿದ ಮೇಲೆ ಈ ಗಿಡ ಮಲಗುತ್ತದಂತೆ. ಎಲೆ ಹಳದಿಯಾದರೆ ಸಾಯುತ್ತಿದೆ ಎಂದಲ್ಲ, ಮಲಗುವ ಕಾಲ ಬಂತು ಎಂದು. ಆಗ ನೀರು ನಿಲ್ಲಿಸಿ, ನೆರಳಿಗಿಟ್ಟು, ಅದರ ಪಾಡಿಗೆ ಅದನ್ನು ಬಿಡಬೇಕು. ನೀರು ಹಾಕಿದರೆ ಗೆಡ್ಡೆ ಕೊಳೆಯುತ್ತದೆ. ಅಣ್ಣ ಅವತ್ತು ಹೇಳಹೊರಟದ್ದು ನೀರು ಹಾಕಬೇಡ ಎಂದು. ಮಾರನೆಯ ದಿನವೂ ಹೇಳಹೋದ, ಅದರ ಮಾರನೆಯ ದಿನವೂ. ಆಮೇಲೆ ಒಂದು ಮಧ್ಯಾಹ್ನ ತಂಗಿಗೆ ಹೇಳಿದ. ಅಷ್ಟನ್ನೇ ಹೇಳಲು ಒಂದಿಡೀ ಮಧ್ಯಾಹ್ನ ಬೇಕಾಯಿತು. ‘ಆದ್ರೆ ನ... ನಂಗೇನು ಅವಸರ ಇತ್ತು ಅತ್ತಿಗೆ? ಕಾ... ಕಾಜಾ ಹಾಕ್ತಾ ಕೂತಿದ್ದೆ.’ ಇಬ್ಬರೂ ಸೇರಿ ಗೆಡ್ಡೆ ತೆಗೆದರು. ಎರಡು ಆಗಲೇ ಮೆತ್ತಗಾಗಿ ನಾರುತ್ತಿದ್ದವು, ಅವನ್ನು ಬಿಸಾಡಿದರು. ಉಳಿದವನ್ನು ನಾದಿನಿ ತನ್ನ ಕೋಣೆಗೆ ಒಯ್ದು ಮರದ ಹೊಟ್ಟಿನಲ್ಲಿ ಹುದುಗಿಸಿಟ್ಟಳು. ಹೊಲಿಗೆ ಯಂತ್ರದ ಕೆಳಗಿಟ್ಟ ಬುಟ್ಟಿಯಲ್ಲಿ ಈಗ ಅವು ಮೊಳಕೆಯ ಕಣ್ಣು ಬಿಟ್ಟಿವೆ, ಕುಂಡಕ್ಕೆ ಹೇಗೆ ಇಡಬೇಕೆಂದು ಅಣ್ಣ ಇವತ್ತು ಹೇಳಿಕೊಡುತ್ತಿದ್ದ. ‘ನಿಮ್ಗೆ ಹೇ... ಹೇಳೋಣ ಅಂತ್ಲೇ ಇದ್ವಿ. ಅ... ಅಣ್ಣ ದಿನಾ ಬಾ... ಬಾಯಿ ತೆಗೀತಿದ್ದ. ನೀವು...’ ನಾದಿನಿ ಕಣ್ಣು ಮುಚ್ಚಿದಳು, ಗಲ್ಲ ಅದುರಿತು. ಈ ಸಲ ಅತ್ತಿಗೆ ಹಲ್ಲು ಕಚ್ಚಿ, ಮಾತು ಕೊಡದೆ ಕಾದಳು. ‘ನೀವು ಮು... ಮುಗಿಸಿಬಿಡ್ತಿದ್ರಿ.’ ಹೇಳಿ ಮುಗಿದ ಕೂಡಲೇ ನಾದಿನಿಗೆ ತಾನು ಆಡಿದ್ದು ಏನೆಂದು ಹೊಳೆದು, ಕಾಫಿಯ ನೆಪ ಮಾಡಿ ಅಡುಗೆಮನೆಗೆ ಹೋಗಿಬಿಟ್ಟಳು.

ಅವಳು ನೆಲದ ಮೇಲೆಯೇ ಜರುಗಿ ಗಂಡನ ಕುರ್ಚಿಯ ಹತ್ತಿರ ಬಂದಳು. ಅವನ ಮುಖವನ್ನು ಎಷ್ಟೋ ದಿನದ ಮೇಲೆ ಸುಮ್ಮನೆ ನೋಡಿದಳು, ಒರೆಸುವುದಕ್ಕೆ ಅಲ್ಲದೆ, ತಿದ್ದುವುದಕ್ಕೆ ಅಲ್ಲದೆ. ಬೆಳಗ್ಗೆ ತಾನೇ ಕ್ಷೌರ ಮಾಡಿದ ಗಲ್ಲ, ಕಿವಿಯ ಕೆಳಗೆ ಬಿಟ್ಟುಹೋದ ಒಂದೆರಡು ಬಿಳಿ ಕೂದಲು. ಈ ಮನುಷ್ಯ ಲಕ್ವಕ್ಕೆ ಮುಂಚೆಯಾದರೂ ತನ್ನ ಹತ್ತಿರ ಒಂದು ಮಾತನ್ನು ಕೊನೆಮುಟ್ಟ ಆಡಿದ್ದನೇ ಎಂದು ನೆನಪಿಸಿಕೊಳ್ಳಲು ನೋಡಿದಳು. ಸಿನಿಮಾಕ್ಕೆ ಹೋಗೋಣ ಎಂದವಳು ಅವಳು, ಈ ಮನೆ ಹಿಡಿಯೋಣ ಎಂದವಳು ಅವಳು, ಮಕ್ಕಳಾಗದಿದ್ದರೆ ಬೇಡ ಬಿಡಿ, ನಿಮಗೂ ಹಾಗೇ ಅನ್ನಿಸುತ್ತಲ್ಲ ಎಂದವಳೂ ಅವಳೇ. ಅವನು ಆಗ ಬಾಯಿ ತೆಗೆದಿದ್ದ. ಏನು ಹೇಳಲು ತೆಗೆದಿದ್ದ? ಇಷ್ಟು ವರ್ಷ ತಾನು ಸಂಸಾರ ಮಾಡಿದ್ದು ತನ್ನದೇ ದನಿಯ ಜೊತೆಗಿರಬಹುದು ಎಂಬ ಯೋಚನೆ ಬಂದು ಅವಳು ಅದರಿಂದ ಮುಖ ತಿರುಗಿಸಿದಳು.

‘ನನ್ನ ಹತ್ರ ಹೇಳಿ ರೀ’ ಎಂದಳು. ‘ಏನಾದ್ರೂ ಹೇಳಿ. ಬೈದ್ರೂ ಸರಿ.’

ಅವನು ಅವಳ ಕಡೆ ತಿರುಗಿದ. ತುಟಿ ಎಡಕ್ಕೆ ಎಳೆಯಿತು. ‘ನಾ... ನಾಳೆ...’

‘ನಾಳೆ ಮಾತಿನ ಡಾಕ್ಟರ ಹತ್ರ ಹೋಗೋಣ, ಅಲ್ವಾ? ನಾನು ಹೊರಗೇ ಕೂರ್ತೀನಿ, ಖಂಡಿತ...’

ಅವನು ಬಾಯಿ ಮುಚ್ಚಿದ. ಅವಳು ತನ್ನ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ಕೈಯ ಕೆಸರು ತುಟಿಗೆ, ಹಲ್ಲಿಗೆ ಹತ್ತಿತು. ತನ್ನ ನಾಲಿಗೆ ತನ್ನ ಮಾತು ಕೇಳದು ಎಂಬುದನ್ನು ಈ ವಯಸ್ಸಿನಲ್ಲಿ ಕಂಡು ಅವಳು ದಂಗಾದಳು. ಕುಡುಕರನ್ನು, ಕಳ್ಳರನ್ನು ಜನ ಹೀಗೆ ನೋಡುತ್ತಾರೆ, ಅವಳು ತನ್ನನ್ನು ಹಾಗೆ ನೋಡಿಕೊಂಡಳು. ಅಡುಗೆಮನೆಯಲ್ಲಿ ಹಾಲು ಉಕ್ಕಿದ ಸದ್ದಾಯಿತು, ನಾದಿನಿ ಒಲೆ ಆರಿಸಿದಳು. ಅವಳು ಕೈ ತೆಗೆಯಲಿಲ್ಲ. ಮಣ್ಣಿನ ರುಚಿ ಬಾಯಿ ತುಂಬಿತು. ಎಷ್ಟು ಹೊತ್ತಾಯಿತೋ, ಅವನಿಗೆ ಅವಳ ಮೇಲೆ ನಂಬಿಕೆ ಬಂದಿರಬೇಕು, ಅಥವಾ ಹೇಗೂ ಹೇಳಲೇಬೇಕು ಅನ್ನಿಸಿರಬೇಕು. ಮತ್ತೆ ಶುರು ಮಾಡಿದ.

‘ನಾಳೆ... ತಂಗಿ... ಮನೆಗೆ...’ ಉಸಿರು ತೆಗೆದುಕೊಂಡ. ಅವಳ ಗಂಟಲಿನೊಳಗೆ ಮಾತುಗಳು ಬಂದು ನೂಕಾಡಿದವು, ಗಿಡ ನೋಡಲು, ಗೆಡ್ಡೆ ಇಡಲು, ಬುಟ್ಟಿ ತರಲು. ಅವಳು ಒಂದೊಂದನ್ನೂ ನುಂಗಿದಳು. ‘ಹೋಗ್ತೀನಿ. ಅಲ್ಲೇ... ಇತ್ತೀನಿ.’

ಇರ್ತೀನಿ, ಎಂದು ಅವಳ ನಾಲಿಗೆ ತಾನಾಗಿ ಅಂಗುಳಕ್ಕೆ ಏರಿತು. ಅದನ್ನು ಅಲ್ಲೇ ಒತ್ತಿ ಹಿಡಿದಳು. ತಿದ್ದುವ ಅವಸರ ಇಳಿದ ಮೇಲೆ, ನಿಧಾನಕ್ಕೆ, ಅವನು ಹೇಳಿದ್ದರ ಅರ್ಥ ಒಳಗಿಳಿಯಿತು. ಅವನು ಹೋಗುತ್ತಿದ್ದಾನೆ. ಯಾರ ಮೇಲೂ ಸಿಟ್ಟಿಲ್ಲದೆ, ಹಟವಿಲ್ಲದೆ, ಬಹಳ ದಿನದಿಂದ ಸಿದ್ಧ ಮಾಡಿಕೊಂಡ ಎರಡು ಮಾತು ಅಷ್ಟೆ. ಅವನ ಕಣ್ಣಿನಲ್ಲಿ ನೀರಿತ್ತು, ಆದರೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಕಣ್ಣಲ್ಲ ಅದು. ಬೇಡ ಎನ್ನಲು, ಹಟ ಮಾಡಲು, ನಿಮ್ಮನ್ನು ತೊಳೆದು ಬಳಿದು ನೋಡಿಕೊಂಡವಳು ನಾನು ಎಂದು ಕೂಗಲು ಅವಳಿಗೆ ಹಕ್ಕಿತ್ತು, ಕೂಗುವ ದನಿಯೂ ಇತ್ತು. ‘ಆಯ್ತು’ ಎಂದಳು.

ಆಮೇಲೆ, ‘ನಾನು ಬಂದು ನೋಡ್ಕೊಂಡು ಹೋಗ್ಲಾ?’ ಎಂದು ಕೇಳಿದಳು. ಕೇಳಿ, ಬಾಯಿ ಬಿಗಿಹಿಡಿದು ಕೂತಳು. ಅವನು ಮಾತು ಹುಡುಕುತ್ತಿದ್ದ. ಅವನ ಗಂಟಲಿನ ನರ ಉಬ್ಬಿತು, ತುಟಿ ಒಂದು ಸಲ ಕೂಡಿ ಬಿಟ್ಟಿತು. ನಾದಿನಿ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ಬಂದು ನಿಂತಳು, ಏನೋ ಹೇಳಹೋದಳು. ಅವಳು ಕೆಸರಿನ ಕೈಯೆತ್ತಿ ತಡೆದಳು. ಮೂವರೂ ಕಾದರು. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿದರು, ಯಾರೋ ಯಾರನ್ನೋ ಕರೆದರು. ಗಂಡ ಎಡಗೈಯನ್ನು ಅವಳ ತಲೆಯ ಮೇಲೆ ಇಟ್ಟ. ಆ ಕೈಯ ಭಾರಕ್ಕೆ ಅವಳು, ಬಾ ಎನ್ನುತ್ತಾನೆ ಎಂದುಕೊಂಡಳು.

‘ಸ್ವಲ್ಪ ದಿನ ಬರಬೇಡ’ ಎಂದ ಅವನು. ಅಕ್ಷರ ಅಕ್ಷರವೂ ಸ್ಪಷ್ಟವಾಗಿತ್ತು. ತಿದ್ದುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.